ಹಸಿರು ಸೀರೆಯ ಘಡಿ

ನಮ್ಮ ಬೆಳಗಾವಿಯಲ್ಲಿ ಹಸಿರು ಬರೀ ಗಿಡದ ಬಣ್ಣವಲ್ಲ. ದರ್ಗಾಕ್ಕೆ ಹೊದಿಸುವ ಚಾದರ ಹಸಿರು, ಮದುವೆ ಮನೆಯ ಬಳೆ ಹಸಿರು. ಶಿವಬಸವ ನಗರದ ನಮ್ಮ ಓಣಿಗೆ ಬರುವ ಬಳೆಗಾರ್ತಿ ಚಾಚಿ, ಯಾರಾದರೂ ಹಸಿರು ಬಳೆ ಕೇಳಿದರೆ ಕೈಯ ಅಳತೆ ನೋಡುವ ಮೊದಲೇ "ಮದವಿಯೋ, ಕುಬಸೋ?" ಎಂದು ನಗುತ್ತಾಳೆ. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು. ಆದರೂ ಈ ಪಾಠ ಯಾರೂ ಹೇಳಿಕೊಡದೆ ಬಂದಿತ್ತು.

ಬಸುರಿಗೆ ತವರಿನವರು ಹಸಿರು ಸೀರೆ ಉಡಿಸುವುದೇ ಕುಬಸ. ನನ್ನ ಕುಬಸಕ್ಕೆ ಅವ್ವ ತನ್ನ ಹಳೆಯ ಸೀರೆಗೇ ಹಸಿರು ಬಣ್ಣ ಹಾಕಿಸಿದ್ದಳು. ತಂಗಿಯ ಹೊತ್ತಿಗೆ ಮನೆ ಸುಧಾರಿಸಿತ್ತು. ಜರಿ ಅಂಚಿನ ಹೊಸ ರೇಷ್ಮೆ ಬಂತು. ಖಾನಾಪುರದಲ್ಲಿರುವ ಅವಳ ಗಂಡನ ಮನೆಗೆ ಅದನ್ನು ಒಯ್ಯುವ ಕೆಲಸ ನನ್ನದು.

ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲು ಉಡುವುದಕ್ಕೆ ನಮ್ಮಲ್ಲಿ ಘಡಿ ಮುರಿಯುವುದು ಅನ್ನುತ್ತಾರೆ. ಪ್ರೀತಿಯವರನ್ನು ಕರೆದು ಆ ಮಾನ ಕೊಡುವುದುಂಟು. ಕೊಡದೆ ತೆಗೆದುಕೊಳ್ಳುವಂತಿಲ್ಲ, ಅದೂ ಕುಬಸದ ಸೀರೆಯನ್ನು. ನಾನು ತೆಗೆದುಕೊಂಡೆ. ಪಕ್ಕದ ಮನೆಯ ಮದುವೆಗೆ ಉಟ್ಟುಕೊಂಡು ಹೋದೆ. ಇನ್ನಷ್ಟು ಜನ ನೋಡಲಿ ಎಂದು, ಯಾರೂ ಕರೆಯದಿದ್ದರೂ ಬಡಿಸಲು ಎದ್ದೆ. ಮನೆಗೆ ಬಂದು ಇಸ್ತ್ರಿ ಮಾಡಿ, ಹಳೆಯ ಮಡಿಕೆಯ ಗೆರೆ ಹುಡುಕಿ ಹುಡುಕಿ ಮಡಚಿಟ್ಟೆ.

ರೈಲು ದೇಸೂರ ದಾಟುವಾಗ ಹೊರಗೆಲ್ಲ ಭತ್ತದ ಹಸಿರು, ತೊಡೆಯ ಮೇಲಿನ ಚೀಲದಲ್ಲೂ ಹಸಿರು. ತಂಗಿಗೆ ಹೇಳಿಬಿಡಲೇ ಅಂದುಕೊಂಡೆ. ಉಟ್ಟ ಸೀರೆ ತಂದರು ಎಂದು ಗೊತ್ತಾದರೆ ತಂಗಿ ಅತ್ತೆಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಹೇಳಲಿಲ್ಲ.

ಒಳಕೋಣೆಯಲ್ಲಿ ತಂಗಿಗೆ ಉಡಿಸಲು ಸೀರೆ ಬಿಚ್ಚಿದೆವು. ಸೆರಗಿನಿಂದ ಒಂದು ಪಿನ್ನು ಟಣ್ಣನೆ ನೆಲಕ್ಕೆ ಬಿತ್ತು. ಅವಳ ಅತ್ತೆ ಎತ್ತಿಕೊಂಡರು.

"ಹೊಸಾ ಸೀರ್ಯಾಗ ಪಿನ್ನ ಹೆಂಗ ಬಂತವಾ?"

ತಂಗಿ ನನ್ನ ಮುಖ ನೋಡಿದಳು. ಅವಳಿಗೆ ಅಷ್ಟು ಸಾಕಾಯಿತು.

"ನಾನಽ ಅಕ್ಕಗ ಘಡಿ ಮುರಕೊಂಡ ಬಾ ಅಂದಿದ್ನಿರಿ, ಅತ್ತಿ. ಅಕಿ ಕೈಗುಣ ಭಾಳ ಛಲೋ ಐತಿ."

"ಖರೇನ?" ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ ನನ್ನ ದೀಪಾವಳಿ ಸೀರೀನೂ ನೀನಽ ಮುರಿ. ಪಿನ್ನ ಅಷ್ಟ ತಗದ ಕೊಡು, ಚುಚ್ಚೀತು!"

ಕೋಣೆಯೆಲ್ಲ ನಗು. ನಾನು ಕುಳಿತು ನಿರಿಗೆ ಸರಿಪಡಿಸುವಾಗ ತಂಗಿ ಬಗ್ಗಿ ಕಿವಿಯಲ್ಲಿ ಕೇಳಿದಳು, "ಚಂದ ಕಾಣತಿತ್ತೇನ ನಿನಗ?"

"ಭಾಳ," ಅಂದೆ.

"ಕಳ್ಳಿ!" ಎಂದು ಕಿವಿ ಹಿಂಡಿದಳು.

ಅವಳಿಗೆ ಮಗಳು ಹುಟ್ಟಿದಳು. ಅಂದಿನಿಂದ ಖಾನಾಪುರದ ಆ ಓಣಿಯಲ್ಲಿ ನಾನು ಕೈಗುಣದವಳು. ಅಲ್ಲಿ ಕುಬಸವಾದರೆ ಹಸಿರು ಸೀರೆ ಮೊದಲು ನನಗೆ ಬರುತ್ತದೆ. ಬೇಡ ಅಂದರೆ ತಂಗಿಯ ಸುಳ್ಳು ಬಯಲಾಗುತ್ತದೆಂದು ಉಡುತ್ತೇನೆ. ಕನ್ನಡಿಯನ್ನು ಮಾತ್ರ ಹೆಚ್ಚು ಹೊತ್ತು ನೋಡುವುದಿಲ್ಲ.

ಮೊನ್ನೆ ತಂಗಿಯೇ ತನ್ನ ಹೊಸ ನೀಲಿ ಸೀರೆ ಕಳಿಸಿದ್ದಳು, ಘಡಿ ಮುರಿ ಎಂದು. ಮಡಿಕೆ ಬಿಚ್ಚದೆ ರೈಲು ಹತ್ತಿ ಒಯ್ದು ಅವಳ ಕೈಗೇ ಕೊಟ್ಟೆ.

"ಇದನ್ನ ನೀನಽ ಮೊದಲ ಉಡು."

"ಯಾಕ," ಅಂದಳು, "ಹಸರ ಇಲ್ಲಂತ ಬ್ಯಾಡಾತೇನ?"