ಗುಡ್ಡಕ್ಕೊಂದು ನೆಪ

ಹೊಸ್ತಿಲ ಬಳಿ ಸೊಸೆಯ ಹೊಸ ಬೂಟುಗಳಿವೆ. ರಬ್ಬರಿನ ವಾಸನೆ ಪಡಸಾಲೆಯವರೆಗೂ ಬರುತ್ತಿದೆ. ಭಾನುವಾರ ಕಲಬುರಗಿಯಿಂದ ಗುಡ್ಡ ಹತ್ತುವವರ ಗುಂಪು ಬರುತ್ತದಂತೆ, ಈಕೆಯೂ ಅವರ ಜೊತೆ ಹೊರಟಿದ್ದಾಳೆ. ಯಾವ ಗುಡ್ಡ ಅಂದಿರಾ? ನಮ್ಮೂರು ನರೋಣಾದ ಆಚೆಗಿರುವುದೇ. ಹೊರಗಿನವರು ನೋಡಿದರೆ ದಿನ್ನೆ ಎಂದಾರು. ಎರಡು ಕಡೆ ದಮ್ಮು ತೆಗೆದುಕೊಂಡರೆ ನನ್ನಂಥ ದಪ್ಪ ಹೆಂಗಸೂ ಹತ್ತಬಹುದು. ಯಾಕೆ ಹೋಗುತ್ತೀ ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ಹೆಂಗಸರು ಸುಮ್ಮನೆ ಗುಡ್ಡ ಹತ್ತುವಂತಿರಲಿಲ್ಲ. ಮೇಲೆ ಗುಡಿಯಿಲ್ಲ, ದರ್ಗಾ ಇಲ್ಲ. ಹರಕೆಯ ನೆಪ ಹೇಳೋಣವೆಂದರೆ ದೇವರೂ ನಮ್ಮ ಕೈಬಿಟ್ಟಿದ್ದ. ಹಾಗಾಗಿ ನಾನೂ ಪಕ್ಕದ ಮನೆಯ ಮೆಹಬೂಬಿಯೂ ಕಟ್ಟಿಗೆಯ ನೆಪ ಹೂಡಿದೆವು. ನಿಜವಾಗಿ ಹೂಡಿದವಳು ನಾನು. "ಯಾರರೆ ನೋಡಿದ್ರ ಏನ್ ಹೇಳೂದು ಬೇ?" ಎಂದು ಅವಳು ಮೊದಲ ದಿನ ನಡುಗಿದ್ದಳು. ಹಗ್ಗ, ಕುಡುಗೋಲು ಹಿಡಿದು ಹೋಗುವುದು, ತುದಿಯ ಬಂಡೆಯ ಮೇಲೆ ಕೂರುವುದು, ಬರುವಾಗ ನಾಲ್ಕು ಕಡ್ಡಿ ಆರಿಸಿ ಹೊರೆ ಕಟ್ಟುವುದು. ಅಲ್ಲೇನಿತ್ತು ಅನ್ನುತ್ತೀರಿ? ಗಾಳಿ. ಕೆಳಗೆ ತೊಗರಿ ಹೊಲ, ಆಳಂದಕ್ಕೆ ಹೋಗುವ ಬಸ್ಸಿನ ಧೂಳು. ಅಷ್ಟು ಹೊತ್ತು ನಮ್ಮನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ. ಮೆಹಬೂಬಿ ಬಾಯಿತುಂಬ ನಕ್ಕದ್ದನ್ನು ನಾನು ಆ ಬಂಡೆಯ ಮೇಲೆ ಮಾತ್ರ ಕೇಳಿದ್ದೇನೆ.

ಒಂದು ದಿನ ಮಾತಿನ ಭರದಲ್ಲಿ ಕಟ್ಟಿಗೆ ಆರಿಸುವುದನ್ನೇ ಮರೆತೆವು. ಬರಿ ಹಗ್ಗ ಹಿಡಿದು ಇಳಿದರೆ ಬುಡದಲ್ಲಿ ನನ್ನ ಗಂಡನ ಅಣ್ಣ ನಿಂತಿದ್ದರು.

"ಕಟಗಿ ಎಲ್ಲಿ?"

"ನಾ ಒಲ್ಲೆ ಅಂದೆನ್ರಿ, ಭಾವಾ. ಈಕಿನೇ ಎಳ್ಕೊಂಡು ಬಂದ್ಲು," ಎಂದೆ.

ಯೋಚಿಸಲೂ ಇಲ್ಲ, ನಾಲಿಗೆ ಅಷ್ಟು ಚುರುಕಾಗಿತ್ತು. ಮೆಹಬೂಬಿ ನನ್ನ ಮುಖ ನೋಡಿದಳು, ಹಗ್ಗ ಸುತ್ತಿಕೊಂಡು ಮನೆಯ ಕಡೆ ನಡೆದಳು. ಸಂಜೆಯೊಳಗೆ ಮಾತು ಅವಳ ಗಂಡನ ಕಿವಿಗೆ ಬಿತ್ತು. ಅವಳ ಗುಡ್ಡ ಅಲ್ಲಿಗೆ ಮುಗಿಯಿತು. ನೀರಿಗೆ ಹೋದರೂ ಅತ್ತೆಯ ಕಾವಲು. ನಾನು ತಿಂಗಳು ಬಿಟ್ಟು ಓಣಿಯ ಬೇರೆ ಹೆಂಗಸರ ಜೊತೆ ಹೋದೆ, ಈ ಸಲ ಕಟ್ಟಿಗೆ ಮರೆಯದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನೆ ಧೈರ್ಯ ಮಾಡಿ ಮೆಹಬೂಬಿಯ ಮನೆಗೆ ಹೋದೆ. ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು.

"ಐತವಾರ ಗುಡ್ಡಕ್ಕ ಹೋಗೂಣ ಬಾ ಬೇ. ಈಗ ಯಾರೂ ಏನೂ ಅನ್ನಂಗಿಲ್ಲ," ಎಂದೆ.

ಸೂಜಿ ನಿಲ್ಲಿಸದೆ ಹೇಳಿದಳು: "ಎಳ್ಕೊಂಡ್ ಹೋಗಾಕಿ ನಾನಲ್ಲೇನ್ ಬೇ? ನೀ ಯಾಕ ಕರ್ಯಾಕ ಬಂದಿ?"

ಮನೆಗೆ ಬಂದು ಸೊಸೆಯ ಮುಂದೆ ಎಲ್ಲವನ್ನೂ ಹೇಳಿದೆ, ಕರೆದೊಯ್ದವಳು ನಾನೇ ಎಂದು. "ಹಳೇ ಮಾತು ಬಿಡ್ರಿ ಅತ್ತಿ, ಈಗ ಅದನ್ನ ಯಾರ್ ಕೇಳ್ತಾರ?" ಎಂದಳು. ಹೌದು. ಭಾವ ತೀರಿಕೊಂಡರು, ಮೆಹಬೂಬಿಯ ಗಂಡನೂ ಹೋದ. ಕೇಳುವವರು ಯಾರೂ ಉಳಿಯದ ಮೇಲೆ ನಾನು ನಿಜ ಹೇಳಿದ್ದೇನೆ.