ಕೀಬೋರ್ಡಿನ ಮೇಲಿನ ಕರ್ಚೀಫು

ನಮ್ಮ ಕಡೆ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಕರ್ಚೀಫು ಎಸೆಯುತ್ತಾರೆ. ಅದು ಬಿದ್ದ ಸೀಟು ಎಸೆದವರದು. ಅದಕ್ಕೆ ರಸೀದಿ ಬೇಡ, ಸಾಕ್ಷಿ ಬೇಡ. ನಿಂತು ನಿಂತು ಕಾಲು ಬಾತರೂ ಇನ್ನೊಬ್ಬರ ಕರ್ಚೀಫು ಸರಿಸಿ ಕೂತವಳಲ್ಲ ನಾನು. ಗದಗದ ಕಡೆಯಿಂದ ಬೆಂಗಳೂರಿಗೆ ಎಂ.ಎ. ಓದಲು ಬಂದಾಗ ಆ ಮರ್ಯಾದೆಯೂ ನನ್ನ ಜೊತೆ ಬಂದಿತ್ತು. ಹಾಳಾದ ಮರ್ಯಾದೆ.

ಎರಡನೇ ವರ್ಷಕ್ಕೆ ಹಾಸ್ಟೆಲ್ ಸೀಟು ಉಳಿಯಬೇಕಾದರೆ ಆನ್‌ಲೈನಿನಲ್ಲಿ ಮತ್ತೆ ಅರ್ಜಿ ಹಾಕಬೇಕಿತ್ತು. ಊರಿನ ಕಚೇರಿಯವರು ಅಪ್ಪನನ್ನು ಅಲೆಸಿ ಅಲೆಸಿ ಆದಾಯ ಪ್ರಮಾಣಪತ್ರ ಕೊಟ್ಟದ್ದು ಕೊನೆಯ ದಿನದ ಬೆಳಿಗ್ಗೆ. ಅಪ್ಪ ಅದರ ಫೋಟೋ ತೆಗೆಸಿ ನನ್ನ ಫೋನಿಗೆ ಕಳಿಸಿದ. ಸಂಜೆ ಐದಕ್ಕೆ ಅರ್ಜಿ ಮುಚ್ಚುತ್ತಿತ್ತು. ಅಪ್ಪ ಮೊದಲೇ ಹೇಳಿದ್ದ, “ಹಾಸ್ಟೆಲ್ ಇದ್ರ ಓದು. ಇಲ್ಲಾಂದ್ರ ಬಂದ್ಬಿಡವ, ಹೊರಗ ರೂಮ್ ಮಾಡಿ ಇಡೋದು ನಮ್ಮ ಕೈಲೆ ಆಗೂದಿಲ್ಲ.” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ನನ್ನ ಫೋನಿನಲ್ಲಿ ಆ ಅರ್ಜಿ ತೆರೆಯುತ್ತಲೇ ಇರಲಿಲ್ಲ. ಅಮೃತಹಳ್ಳಿಯ ಸೈಬರ್ ಅಂಗಡಿಗೆ ಓಡಿದೆ, ಅಲ್ಲಿ ಕರೆಂಟಿಲ್ಲ. ಬಿಸಿಲಲ್ಲಿ ವಾಪಸ್ ಬಂದು ವಿಶ್ವವಿದ್ಯಾಲಯದ ಲೈಬ್ರರಿ ಹೊಕ್ಕೆ.

ಅಲ್ಲಿ ಗೋಡೆಗೆ ದೊಡ್ಡದೊಂದು ಬೋರ್ಡು: ಕಂಪ್ಯೂಟರ್ ಓದಿನ ಕೆಲಸಕ್ಕೆ ಮಾತ್ರ, ಒಬ್ಬರಿಗೆ ಒಂದು ಗಂಟೆ. ಅದರ ಕೆಳಗೇ ಕೂತು ಒಬ್ಬ ಕ್ರಿಕೆಟ್ ಹೈಲೈಟ್ಸ್ ನೋಡುತ್ತಿದ್ದ. ಅವನ ಪಕ್ಕದವಳು ಯಾರದೋ ಮದುವೆಗೆ ಬ್ಲೌಸಿನ ಡಿಸೈನು ಆರಿಸುತ್ತಿದ್ದಳು. ಅರ್ಧದಷ್ಟು ಕಂಪ್ಯೂಟರುಗಳು ಕೆಟ್ಟು ಮುಸುಕು ಹೊದ್ದಿದ್ದವು. ಕೊನೆಯದರ ಮುಂದಿನ ಕುರ್ಚಿ ಮಾತ್ರ ಖಾಲಿ, ಸ್ಕ್ರೀನು ಉರಿಯುತ್ತಿತ್ತು. ಕೀಬೋರ್ಡಿನ ಮೇಲೆ ನೀಲಿ ಚೌಕಳಿಯ ಕರ್ಚೀಫೊಂದು ನೀಟಾಗಿ ಮಡಚಿ ಕೂತಿತ್ತು.

ನನಗಿಂತ ಮುಂಚೆ ಬಂದು ಗೋಡೆಗೊರಗಿ ನಿಂತಿದ್ದ ಹುಡುಗ ಹೇಳಿದ, “ಅದು ಬುಕ್ ಆಗಿದೆ ಕಣ್ರೀ. ನಾನೂ ಆಗ್ಲಿಂದ ಕಾಯ್ತಿದ್ದೀನಿ.”

ಕೌಂಟರಿನ ಸಾರ್ ಹತ್ತಿರ ಹೋದೆ. ಅವರು ತಮ್ಮ ಫೋನಿನಿಂದ ಕಣ್ಣು ಕೀಳಲಿಲ್ಲ. “ಊಟಕ್ಕೆ ಹೋಗಿರ್ತಾರೆ ಕಣಮ್ಮ, ಬರ್ತಾರೆ. ನೀನು ಹೋಗಿ ಕೂತ್ಕೊಂಡು ಅವ್ರು ಬಂದು ಜಗಳ ಆಡಿದ್ರೆ ನಾನು ಹೊಣೆ ಅಲ್ಲ.”

ಕ್ರಿಕೆಟ್ಟಿನವನನ್ನು ಕೇಳಿದೆ. “ಐದೇ ನಿಮಿಷ,” ಅಂದ. ಆ ಐದು ನಿಮಿಷದಲ್ಲಿ ಒಂದು ಇಡೀ ಇನಿಂಗ್ಸ್ ಮುಗಿಯಿತು. ಬ್ಲೌಸಿನವಳು ನನ್ನ ಕಡೆ ತಿರುಗಲೂ ಇಲ್ಲ. ನಾನು ಬಾಗಿಲನ್ನು ನೋಡುವುದು, ಕರ್ಚೀಫನ್ನು ನೋಡುವುದು, ಗಡಿಯಾರವನ್ನು ನೋಡುವುದು. ಗೋಡೆಯ ಹತ್ತಿರದ ಹುಡುಗ ಬೇಸತ್ತು ಹೊರಟೇಹೋದ. ಎರಡು ಸಲ ಆ ಕುರ್ಚಿಯ ತನಕ ಹೋಗಿ, ಯಾರದೋ ಏನೋ ಅಂತ ಕೈ ಹಿಂದಕ್ಕೆ ಎಳೆದುಕೊಂಡೆ.

ಐದಕ್ಕೆ ಇನ್ನೇನು ಸ್ವಲ್ಪ ಹೊತ್ತು ಇದೆ ಅನ್ನುವಾಗ ಕ್ರಿಕೆಟ್ಟಿನವನು ಮೈ ಮುರಿದು ಎದ್ದ. ಬಿದ್ದಂಬೀಳ ಹೋಗಿ ಕೂತೆ. ಹೆಸರು, ವಿಳಾಸ, ಅಂಕಗಳು ಎಲ್ಲ ತುಂಬಿದೆ. ಪ್ರಮಾಣಪತ್ರ ಹಾಕಲು ಒತ್ತಿದರೆ ಸ್ಕ್ರೀನಿನ ನಡುವೆ ಚಕ್ರವೊಂದು ತಿರುಗಿತು, ತಿರುಗುತ್ತಲೇ ಇತ್ತು. ಎಲ್ಲರೂ ಆಗಲೇ ಮುಗಿಬಿದ್ದಿದ್ದರೋ ಏನೋ. ಚಕ್ರ ನಿಂತಾಗ ಅರ್ಜಿ ಮಾಯವಾಗಿ ಒಂದು ಸಾಲು ಉಳಿದಿತ್ತು: ಅವಧಿ ಮುಗಿದಿದೆ.

ಹಾಗೇ ಕೂತಿದ್ದೆ. ಕಸ ಗುಡಿಸುವ ಅಕ್ಕ ಬಕೆಟ್ಟು ಹಿಡಿದು ಬಂದರು, ಸೀದಾ ಆ ಕೊನೆಯ ಕಂಪ್ಯೂಟರಿನ ಹತ್ತಿರ ಹೋಗಿ ಕರ್ಚೀಫು ಎತ್ತಿಕೊಂಡರು.

“ಅಯ್ಯೋ, ಇಲ್ಲೇ ಬಿಟ್ಬುಟ್ಟಿದ್ನಾ! ಇವತ್ತೇ ಒಸಾದು ಕೊಟ್ಟಿದ್ರು ಒರ್ಸೋಕೆ. ಬೆಳಿಗ್ಗೆಯಿಂದ ಉಡುಕ್ತಾ ಇವ್ನಿ.” ಬಟ್ಟೆ ಕೊಡವಿ ಮೇಜು ಒರೆಸಿದರು. ಆಗಷ್ಟೇ ಬಂದು ಕಂಪ್ಯೂಟರಿಗೆ ಕಾದು ನಿಂತವರನ್ನು ನೋಡಿ ಕರೆದರು, “ಬನ್ನಿ, ಕೂತ್ಕಳಿ, ಇದು ಕಾಲಿನೇ ಐತಲ್ಲ.”

ನಗಬೇಕೆನಿಸಿತು, ಅಳು ಬಂತು. ಮಧ್ಯಾಹ್ನವಿಡೀ ಒಂದು ಒರೆಸುವ ಬಟ್ಟೆಗೆ ನಾನು ಮರ್ಯಾದೆ ಕೊಟ್ಟು ನಿಂತಿದ್ದೆ. ಆ ಅಕ್ಕನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ಎದ್ದು ಬಂದು ಒಂದು ಮಾತು ಕೇಳದ ಆ ಸಾರ್ ಮೇಲೆ ಇದೆ. ಬೋರ್ಡಿನ ಕೆಳಗೆ ಕೂತು ಬೋರ್ಡು ಕಾಣದವರ ಮೇಲೆ ಇದೆ.

ಮರುದಿನ ವಾರ್ಡನ್ ಮೇಡಂ, “ಸಿಸ್ಟಮ್ ಕ್ಲೋಸ್ ಆದ್ಮೇಲೆ ನಾನೇನ್ ಮಾಡ್ಲಿ ಹೇಳು?” ಅಂದರು. ಅಪ್ಪನಿಗೆ ಫೋನ್ ಮಾಡಿದೆ. “ಆತು ಬಿಡವ, ಸಾಮಾನು ಕಟ್ಕೊಂಡು ಬಾ,” ಅಂದ.

ಯಶವಂತಪುರದಲ್ಲಿ ರೈಲಿನ ಜನರಲ್ ಬೋಗಿ ಹತ್ತಿದೆ. ಟ್ರಂಕು ಎಳೆದುಕೊಂಡು ಒಳಗೆ ಹೋದರೆ ಉಳಿದಿದ್ದದ್ದು ಒಂದೇ ಸೀಟು. ಅದರ ಮೇಲೆ ಬಿಳಿಯ ಕರ್ಚೀಫು. ಕಿಟಕಿಯಿಂದ ಯಾರೋ ಎಸೆದದ್ದು. ಅದನ್ನು ತೆಗೆದು ಕಿಟಕಿಯ ಕಂಬಿಗೆ ಸಿಕ್ಕಿಸಿ ಕೂತೆ.

ನೂಕುನುಗ್ಗಲಲ್ಲಿ ಬೆವರುತ್ತ ಬಂದ ನಡುವಯಸ್ಸಿನ ಹೆಂಗಸು ನನ್ನ ಎದುರು ನಿಂತಳು. “ಏನ್ರೀ, ಕರ್ಚೀಫ್ ಹಾಕಿದ್ದು ನೋಡ್ಲಿಲ್ವಾ?”

“ನೋಡೇನ್ರಿ,” ಅಂದೆ.

ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕಂಬಿಯಿಂದ ಕರ್ಚೀಫು ಎಳೆದುಕೊಂಡು ಕತ್ತು ಒರೆಸಿಕೊಂಡಳು. ತುಮಕೂರಿನವರೆಗೂ ಕಂಬಿ ಹಿಡಿದು ನಿಂತೇ ಇದ್ದಳು. ನಾನು ಏಳಲಿಲ್ಲ.