ಖೋ ಬರುವ ತನಕ

ನಾನು ಕೂತಲ್ಲಿ ಕೂರುವವಳಲ್ಲ. ಲೋಕಲ್ ರೈಲು ಲಿಂಗಂಪಲ್ಲಿಗೆ ಬಂದರೆ ಮುಂದೆ ಎಲ್ಲಿಗೂ ಹೋಗುವುದಿಲ್ಲ, ಎಲ್ಲರೂ ಇಳಿಯಲೇಬೇಕು. ಆದರೂ ನಾನು ಹಿಂದಿನ ಸ್ಟೇಷನ್ನಿನಲ್ಲೇ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟು ಬೈಸಿಕೊಳ್ಳುತ್ತೇನೆ. ಇಂಥವಳು ಆಡಲು ಹೋಗಿದ್ದು ಖೋ ಖೋ. ಬೆನ್ನಿಗೆ ಕೈ ತಾಗಿ 'ಖೋ' ಎಂಬ ಸದ್ದು ಕಿವಿಗೆ ಬೀಳುವ ತನಕ ಕೂತ ಜಾಗದಿಂದ ಏಳಬಾರದು ಎನ್ನುವುದೇ ಆ ಆಟದ ಜೀವ.

ಕಲಬುರಗಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಆಡಿದ್ದೆ. ಮದುವೆಯಾಗಿ ಮಲ್ಕಾಜ್‌ಗಿರಿಗೆ ಬಂದ ಮೇಲೆ ಅಡುಗೆ, ಆಫೀಸು, ಮಕ್ಕಳು ಎಂದು ಆಟ ಮರೆತೇ ಹೋಗಿತ್ತು. ನಲವತ್ತು ಹತ್ತಿರ ಬಂದಾಗ ಆಫೀಸಿನಲ್ಲಿ ಹೆಂಗಸರ ತಂಡ ಕಟ್ಟಿದರು, ನಾನು ಎಲ್ಲರಿಗಿಂತ ಮೊದಲೇ ಹೆಸರು ಕೊಟ್ಟೆ. ಸಂಜೆಯ ಆ ಒಂದು ಗಂಟೆ ಕುಕ್ಕರು ಎಷ್ಟು ಸಲ ಕೂಗಿತು ಎಂದು ಕಿವಿ ಇಟ್ಟುಕೊಂಡಿರಬೇಕಾಗಿರಲಿಲ್ಲ. ಅದು ನನಗೆ ಎಷ್ಟು ಬೇಕಾಗಿತ್ತು ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆದರೆ ಪ್ರತಿ ಆಟದಲ್ಲೂ ನಾನು ಖೋ ಸಿಗುವ ಮೊದಲೇ ಎದ್ದುಬಿಡುತ್ತಿದ್ದೆ. ಸೀಟಿ ಊದುತ್ತಿದ್ದರು, ಫೌಲು. ಅಷ್ಟರಲ್ಲಿ ಕೈಗೆ ಸಿಗಬೇಕಾದ ಓಟಗಾರ್ತಿ ಆಚೆ ಕಂಬದ ಹತ್ತಿರ ನಿಂತು ನಗುತ್ತಿದ್ದಳು. ತಂಡದ ಹುಡುಗಿಯರು ತೆಲುಗಿನಲ್ಲಿ, "ಅಕ್ಕಾ, ಇಂಕಾ ಖೋ ಇಯ್ಯಲೇ" ಎಂದು ಕಾಡಿಸುತ್ತಿದ್ದರು, ಇನ್ನೂ ಖೋ ಕೊಟ್ಟೇ ಇಲ್ಲವಲ್ಲ ಅಂತ. ಕೋಚು ಗಂಟಲು ಹರಿಯುವಂತೆ ಅರಚುತ್ತಿದ್ದರು. ಅವರು ಅರಚಿದಷ್ಟೂ ನಾನು ಇನ್ನೂ ಬೇಗ ಏಳುತ್ತಿದ್ದೆ. ಕೊನೆಗೆ ತಂಡದ ನಾಯಕಿ ಮುಲಾಜಿಲ್ಲದೆ ಹೇಳಿದಳು, ಪಂದ್ಯಾವಳಿಯಲ್ಲಿ ಹೀಗೆ ಒಂದು ಸಲ ಎದ್ದರೂ ನನ್ನ ಜಾಗ ಬೇರೆಯವಳಿಗೆ ಹೋಗುತ್ತದೆ ಎಂದು. ಈ ವಯಸ್ಸಿನಲ್ಲಿ ಒಮ್ಮೆ ಹೊರಗೆ ಕೂತರೆ ಮತ್ತೆ ಒಳಗೆ ಕರೆಯುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅದೇ ಹೊತ್ತಿಗೆ ಅರಚುವ ಕೋಚಿಗೆ ವರ್ಗವಾಗಿ ಹೊಸಬರು ಬಂದರು. ಬೀದರ್ ಕಡೆಯವರು, ನಿವೃತ್ತರಾಗಿ ಮಲ್ಕಾಜ್‌ಗಿರಿಯಲ್ಲೇ ಮನೆ ಮಾಡಿದ್ದರು. ಪ್ರಾಯದಲ್ಲಿ ಖೋ ಖೋ ಆಡಿ ಹೆಸರು ಮಾಡಿದವರಂತೆ. ಆದರೆ ನೌಕರಿಯುದ್ದಕ್ಕೂ ಮಾಡಿದ್ದು ಮಾತ್ರ ಸ್ಟೇಷನ್ನುಗಳಲ್ಲಿ ಲಗೇಜು ಮೂಸುವ ನಾಯಿಗಳನ್ನು ಪಳಗಿಸುವ ಕೆಲಸ. ಅವರ ಜೊತೆಗೇ ನಿವೃತ್ತಿಯಾದ ಒಂದು ಮುದಿ ಲ್ಯಾಬ್ರಡಾರ್ ನಾಯಿಯೂ ಮೈದಾನಕ್ಕೆ ಬರುತ್ತಿತ್ತು. ಇನ್ನು ನಮ್ಮ ಕುತ್ತಿಗೆಗೂ ಪಟ್ಟಿ ಬೀಳುತ್ತದೆ ಎಂದು ಹುಡುಗಿಯರು ಮುಸಿಮುಸಿ ನಕ್ಕರು.

ಮೊದಲ ವಾರ ಅವರು ಸುಮ್ಮನೆ ನೋಡಿದರು. ನಾನು ಎದ್ದೆ, ಫೌಲಾಯಿತು, ಅವರು ಹುಬ್ಬು ಕೂಡ ಗಂಟಿಕ್ಕಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿ, "ನಿನಗ ಸ್ಟೇ ಬಂದಿಲ್ಲ ನೋಡು ತಂಗಿ" ಎಂದರು. ಕೂತಲ್ಲೇ ಇರು ಎಂದು ನಾಯಿಗೆ ಹೇಳುವ ಮಾತದು, ನನಗೆ ಪಿತ್ತ ನೆತ್ತಿಗೇರಿತು. ನಾನೇನು ನಾಯಿಯೇನ್ರಿ ಎಂದು ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. ನಾಯಿಯನ್ನು ಕಂಬದ ಹತ್ತಿರ ಕೂರಿಸಿ, ಮೈದಾನದ ಆ ತುದಿಗೆ ನಡೆದು ಹೋಗಿ ನಿಂತರು. ಈಗ ಕರೆಯುತ್ತಾರೆ, ಅದು ಓಡುತ್ತದೆ ಎಂದುಕೊಂಡೆ. ಕರೆಯಲಿಲ್ಲ. ಅಷ್ಟು ದೂರವನ್ನು ತಾವೇ ವಾಪಸ್ಸು ನಡೆದು ಬಂದು, ಕೂತಿದ್ದ ನಾಯಿಯ ಬಾಯಿಗೆ ಬಿಸ್ಕತ್ತು ಕೊಟ್ಟು ತಲೆ ಸವರಿದರು.

"ಅಲ್ಲಿಂದ ಕರದು ಬಿಸ್ಕೀಟ್ ಕೊಟ್ಟೆ ಅಂದ್ರ, ನಾಳೆ ಕರೆಯೂಕಿಂತ ಮೊದಲ ಏಳತೈತಿ. ತಿನ್ನೂದು ಎಲ್ಲಿ ಸಿಗತೈತೋ ಮನಸ್ಸು ಅಲ್ಲೇ ಇರತೈತಿ. ನೀ ಹೇಳು, ನಿನಗ ಇಷ್ಟು ದಿನ ಚಪ್ಪಾಳೆ ಎಲ್ಲಿ ಸಿಕ್ಕೈತಿ?"

ಓಡಿದಾಗ ಸಿಕ್ಕಿತ್ತು, ಹಿಡಿದಾಗ ಸಿಕ್ಕಿತ್ತು. ಕೂತಿದ್ದಕ್ಕೆ ಯಾರೂ ಎಂದೂ ಚಪ್ಪಾಳೆ ತಟ್ಟಿರಲಿಲ್ಲ, ಮೈದಾನದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.

ಮರುದಿನದಿಂದ ಪಾಠ ಶುರುವಾಯಿತು. ಏಳಬೇಡ ಎಂಬ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಬೇಡ ಅಂದರೆ ನಾಯಿಗೂ ತಿಳಿಯುವುದಿಲ್ಲ, ಮನುಷ್ಯರಿಗೂ ತಿಳಿಯುವುದಿಲ್ಲ, ಏನು ಮಾಡಬೇಕು ಅಂತ ಹೇಳಬೇಕು ಎನ್ನುತ್ತಿದ್ದರು. ಹತ್ತು ಬೆರಳೂ ನೆಲಕ್ಕೆ ಇಡು ಎಂದರು, ಅಷ್ಟೇ. ಮೊದಮೊದಲು ಒಂದೆರಡು ಉಸಿರಿನಷ್ಟು ಹೊತ್ತು ಕೂರಿಸಿ, ನಾನಿದ್ದಲ್ಲಿಗೇ ಬಂದು ಮೆಲ್ಲಗೆ "ಶಾಣ್ಯಾಕಿ" ಎಂದು, ಜಾಣೆ ಅಂತ ಮೆಚ್ಚಿ, ಅಂಗೈಯಲ್ಲಿ ಶೇಂಗಾ ಚಿಕ್ಕಿಯ ಚೂರು ಇಡುತ್ತಿದ್ದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು, ಎರಡು ದಿನದಲ್ಲಿ ತಮಗೂ ಬೇಕೆಂದು ಹಟ ಹಿಡಿದರು. ಆಮೇಲೆ ಓಟಗಾರ್ತಿಯರನ್ನು ನನ್ನ ಮೂಗಿನ ಮುಂದೆಯೇ ಓಡಾಡಿಸಿದರು. ನಾನು ತಪ್ಪಿದರೆ ಅವರಿಗೆ ಸಿಟ್ಟಿಲ್ಲ, ಒಂದು ಮೆಟ್ಟಿಲು ಕೆಳಗಿಳಿದು ಸುಲಭದ ಪಾಠ ಕೊಡುತ್ತಿದ್ದರು. ತಪ್ಪು ನಾಯಿಯದಲ್ಲ, ಕಲಿಸಿದವನು ಆತುರಪಟ್ಟಿರುತ್ತಾನೆ ಎನ್ನುವುದು ಅವರ ಲೆಕ್ಕ. ನಾನು ಚೆನ್ನಾಗಿ ಕೂತ ದಿನ, ಇನ್ನೊಂದು ಸಲ ಎಂದು ಗೋಗರೆದರೂ ಅಲ್ಲಿಗೇ ಆಟ ನಿಲ್ಲಿಸಿ ಮನೆಗೆ ಕಳಿಸುತ್ತಿದ್ದರು. ಇಂಥ ತಾಳ್ಮೆಯ ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಂದ್ಯಾವಳಿ ತಾರ್ನಾಕದ ಕಡೆ ಒಂದು ಮೈದಾನದಲ್ಲಿ ನಡೆಯಿತು. ನಮ್ಮದು ಮೂರನೆಯ ಸ್ಥಾನಕ್ಕಾಗಿ ಆಡುವ ಆಟ, ನೋಡಲು ಬಂದವರೂ ಅಷ್ಟಕ್ಕಷ್ಟೇ. ನನಗೆ ಮಾತ್ರ ನಾಯಕಿಯ ಮಾತು ಕಿವಿಯಲ್ಲೇ ಇತ್ತು. ಕೊನೆಯ ನಿಮಿಷ, ಒಬ್ಬಳು ಓಟಗಾರ್ತಿ ಸಿಕ್ಕರೆ ನಾವು ಗೆಲ್ಲುತ್ತಿದ್ದೆವು. ಅವಳು ನನ್ನ ಮುಂದೆಯೇ ಹಾದುಹೋದಳು, ಅವಳ ಬೂಟಿನ ಮಣ್ಣು ನನ್ನ ಬೆರಳ ಮೇಲೆ ಬಿತ್ತು. ಕೈ ಚಾಚಿದ್ದರೆ ಮುಟ್ಟಬಹುದಿತ್ತು. ಹಿಂದಿನಿಂದ ನಮ್ಮವಳು ಓಡಿಬರುವ ಸದ್ದು ಕೇಳಿತು, ಈಗ ನನಗೇ ಖೋ ಎಂದು ಮೈಯೆಲ್ಲ ಬಿಗಿಯಾಯಿತು. ಬೆರಳನ್ನು ನೆಲಕ್ಕೆ ಒತ್ತಿದೆ. ನಮ್ಮವಳು ನನ್ನನ್ನು ದಾಟಿ, ಒಬ್ಬಳನ್ನು ಬಿಟ್ಟು ಆಚೆ ಕೂತವಳಿಗೆ ಖೋ ಕೊಟ್ಟಳು. ಆಚೆಯವಳು ಚಂಗನೆ ಎದ್ದು ಎರಡೇ ಹೆಜ್ಜೆಯಲ್ಲಿ ಓಟಗಾರ್ತಿಯ ಬೆನ್ನು ಮುಟ್ಟಿದಳು.

ಸೀಟಿ ಊದಿದರು. ಎಲ್ಲರೂ ಕಿರುಚುತ್ತಾ ಹೋಗಿ ಅವಳನ್ನು ಎತ್ತಿಕೊಂಡು ಕುಣಿದರು. ಆಟ ಮುಗಿದಿತ್ತು, ಏಳಬಹುದಿತ್ತು, ಆದರೆ ನನಗೆ ಏಳಲು ಆಗಲಿಲ್ಲ. ಮೈದಾನದಲ್ಲಿ ಕೂತಿದ್ದವಳು ನಾನೊಬ್ಬಳೇ. ಯಾರೂ ಇತ್ತ ತಿರುಗಿ ನೋಡಲಿಲ್ಲ, ಅದು ಸ್ವಲ್ಪ ಚುಚ್ಚಿತು ಕೂಡ.

ಅಷ್ಟರಲ್ಲಿ ಕೋಚು ನಾಯಿಯ ಜೊತೆ ಮೈದಾನದ ಆ ತುದಿಯಿಂದ ಬರುವುದು ಕಂಡಿತು. ಮೊಣಕಾಲು ನೋವಿನವರು, ನಿಧಾನವಾಗಿ ಬಂದರು. ಕುಣಿಯುತ್ತಿದ್ದವರನ್ನು ದಾಟಿ ನೇರ ನನ್ನ ಹಿಂದೆ ಬಂದು ನಿಂತರು. ನಾನು ತಿರುಗಲಿಲ್ಲ. "ಶಾಣ್ಯಾಕಿ" ಎಂದರು. ಆಮೇಲೆ ಅಂಗೈಯನ್ನು ನನ್ನ ಬೆನ್ನಿನ ಮೇಲಿಟ್ಟು ಮೆಲ್ಲಗೆ ಹೇಳಿದರು.

"ಖೋ."

ಆಗ ಎದ್ದೆ.